ಬಿಟ್ಟುಹೋದ ಪದಕ್ಕೂ ಒಂದು ಗೆರೆ: ಗಾಂಧಿ ಬಜಾರಿನ ವಾಕ್ಯಚಿತ್ರ ತರಗತಿಯ ವಿಮರ್ಶೆ

ಗಾಂಧಿ ಬಜಾರಿನ ಮುಖ್ಯರಸ್ತೆಯಿಂದ ಒಳಕ್ಕೆ ಸರಿದ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಮನೆಯೊಂದರ ಮಹಡಿಯ ಕೋಣೆಯಲ್ಲಿ, ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ವಾಕ್ಯಚಿತ್ರದ ಪಾಠ ಮಾಡುತ್ತಾರೆ. ಇಂಗ್ಲಿಷ್ ವಾಕ್ಯವನ್ನು ಗೆರೆಗಳ ಮೇಲೆ ಬಿಡಿಸಿಟ್ಟು, ಯಾವ ಪದ ಯಾವುದಕ್ಕೆ ಸೇರಿದ್ದು ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಕ್ರಮವೇ ವಾಕ್ಯಚಿತ್ರ. ಮೊದಲ ಹಂತದಲ್ಲಿ ಸರಳ ವಾಕ್ಯಗಳಿರುತ್ತವೆ. ಎರಡನೆಯ ಹಂತ ಪೂರ್ತಿಯಾಗಿ ತೊಡಕಿನ ವಾಕ್ಯಗಳಿಗೆ, ಅಂದರೆ ನುಡಿಗಟ್ಟುಗಳಿರುವ ವಾಕ್ಯಗಳಿಗೆ ಮತ್ತು ಕೆಲವು ಪದಗಳನ್ನು ಹೇಳದೆಯೇ ಬಿಟ್ಟ ವಾಕ್ಯಗಳಿಗೆ ಮೀಸಲು. ನಾನು ವಿಮರ್ಶೆ ಮಾಡುತ್ತಿರುವುದು ಈ ಎರಡನೆಯ ಹಂತವನ್ನು. ಅಧ್ಯಾಪಕರಿಗೆ ಪ್ರಚಾರ ಇಷ್ಟವಿಲ್ಲವಾದ್ದರಿಂದ ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ತರಗತಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ.

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಾಣುವ ಪದಗಳಿಗಿಂತ ಕಾಣದ ಪದಗಳೇ ಹೆಚ್ಚು ತೊಂದರೆ ಕೊಡುತ್ತವೆ ಎಂಬುದು ಪಾಠ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ. ನಿಘಂಟಿನಲ್ಲಿ ಹುಡುಕಿದರೆ ಎಲ್ಲ ಪದಗಳ ಅರ್ಥವೂ ಸಿಗುತ್ತದೆ, ಆದರೂ ವಾಕ್ಯ ಕೈಗೆ ಸಿಗುವುದಿಲ್ಲ. ಏಕೆಂದರೆ ವಾಕ್ಯವನ್ನು ಹಿಡಿದು ನಿಲ್ಲಿಸಿರುವ ಪದ ಪುಟದ ಮೇಲೆ ಇರುವುದೇ ಇಲ್ಲ. ಈ ವಿಷಯವನ್ನೇ ಮುಂದಿಟ್ಟುಕೊಂಡು ಪಾಠ ಹೇಳುವ ಇನ್ನೊಂದು ತರಗತಿಯನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ. ವಿಜಯನಗರದ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳಲ್ಲಿ ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಾರೆ, ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ವ್ಯಾಕರಣದ ಗೊಡವೆಗೇ ಹೋಗುವುದಿಲ್ಲ. ಇವೆರಡರ ನಡುವೆ ಉಳಿದುಹೋದ ಜಾಗದಲ್ಲಿ ಈ ತರಗತಿ ನಿಂತಿದೆ.

ಇಲ್ಲಿ ಕಲಿಸುವ ಕ್ರಮ ಹೊಸದೇನಲ್ಲ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಅಧ್ಯಾಪಕರಾಗಿದ್ದ ಅಲೊಂಜೊ ರೀಡ್ ಮತ್ತು ಬ್ರೈನರ್ಡ್ ಕೆಲಾಗ್ ಎಂಬ ಇಬ್ಬರು 1877ರಲ್ಲಿ ತಮ್ಮ ವ್ಯಾಕರಣ ಪಠ್ಯದಲ್ಲಿ ಇದನ್ನು ಬಳಕೆಗೆ ತಂದರು. ಅವರಿಗೂ ಮೂವತ್ತು ವರ್ಷ ಮೊದಲು, 1847ರಲ್ಲಿ, ಎಸ್. ಡಬ್ಲ್ಯು. ಕ್ಲಾರ್ಕ್ ಎಂಬವರು ಪದಗಳನ್ನು ಬಲೂನಿನಂಥ ಗೂಡುಗಳೊಳಗೆ ಬರೆದು ಒಂದಕ್ಕೊಂದು ತಾಗಿಸಿ ಜೋಡಿಸುವ ಚಿತ್ರಗಳನ್ನು ಮಾಡಿದ್ದರು. ರೀಡ್ ಮತ್ತು ಕೆಲಾಗ್ ಆ ಗೂಡುಗಳನ್ನು ತೆಗೆದುಹಾಕಿ ಗೆರೆಗಳನ್ನಷ್ಟೇ ಉಳಿಸಿಕೊಂಡರು. ಒಂದು ಅಡ್ಡಗೆರೆ ಎಳೆದು ಅದರ ಮೇಲೆ ಮೊದಲು ಕರ್ತೃವನ್ನು, ನಂತರ ಕ್ರಿಯಾಪದವನ್ನು ಬರೆಯಬೇಕು. ಇವೆರಡರ ನಡುವಿನ ನೆಟ್ಟಗೆರೆ ಅಡ್ಡಗೆರೆಯನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಕ್ರಿಯಾಪದಕ್ಕೂ ಕರ್ಮಕ್ಕೂ ನಡುವಿನ ಗೆರೆ ಅಡ್ಡಗೆರೆಯ ಮೇಲೆ ನಿಲ್ಲುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. ಕರ್ಮದ ಬದಲು ಕರ್ತೃವಿನ ಗುಣವನ್ನೋ ಹೆಸರನ್ನೋ ಹೇಳುವ ಪದವಿದ್ದರೆ ಆ ಗೆರೆ ಕರ್ತೃವಿನ ಕಡೆಗೆ ವಾಲುತ್ತದೆ. ವಿಶೇಷಣಗಳು ಓರೆಗೆರೆಗಳ ಮೇಲೆ ಕೆಳಗೆ ಇಳಿಬೀಳುತ್ತವೆ, ಉಪವಾಕ್ಯವು ಚುಕ್ಕಿಗೆರೆಯ ಮೂಲಕ ಮುಖ್ಯವಾಕ್ಯಕ್ಕೆ ಸೇರಿಕೊಳ್ಳುತ್ತದೆ. ನಾಮಪದದ ಸ್ಥಾನದಲ್ಲಿ ಇಡೀ ಒಂದು ವಾಕ್ಯವೇ ಬಂದು ಕುಳಿತರೆ ಅದನ್ನು ಕಾಲುಗಳ ಮೇಲೆ ಎತ್ತಿ ನಿಲ್ಲಿಸಬೇಕು. ಹೇಳದೆ ಬಿಟ್ಟ ಪದ ಇದ್ದರೆ ಅದರ ಜಾಗದಲ್ಲಿ ಒಂದು ಗುಣಾಕಾರದ ಚಿಹ್ನೆ ಹಾಕಬೇಕು.

ನಮ್ಮ ಹಳೆಯ ಶಾಲಾ ವ್ಯಾಕರಣಗಳಲ್ಲಿ ವಾಕ್ಯ ವಿಶ್ಲೇಷಣೆಗೆ ಕೋಷ್ಟಕ ಹಾಕುತ್ತಿದ್ದರು. ಒಂದು ಕಲಮಿನಲ್ಲಿ ಕರ್ತೃ, ಇನ್ನೊಂದರಲ್ಲಿ ಕ್ರಿಯಾಪದ, ಮತ್ತೊಂದರಲ್ಲಿ ಕರ್ಮ. ಅದು ಒಳ್ಳೆಯ ಅಭ್ಯಾಸವೇ ಆಗಿತ್ತು. ಆದರೆ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಇದ್ದರೆ ಅಲ್ಲಿ ಪದವೇ ಬೇಡವೋ, ಪದವಿದ್ದೂ ಹೇಳಿಲ್ಲವೋ ಎಂಬುದು ತಿಳಿಯುವುದಿಲ್ಲ. ವಾಕ್ಯಚಿತ್ರದಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ: ಗೆರೆ ಇದ್ದರೆ ಪದವಿರಲೇಬೇಕು, ಪದ ಕಾಣದಿದ್ದರೆ ಚಿಹ್ನೆಯಾದರೂ ಇರಬೇಕು. ಮೇಷ್ಟ್ರು ಈ ಚಿಹ್ನೆಯನ್ನು ಅಧ್ಯಾಹಾರದ ಗುರುತು ಎಂದು ಕರೆಯುತ್ತಾರೆ. ಹಳಗನ್ನಡ ಪದ್ಯಗಳನ್ನು ಅನ್ವಯ ಮಾಡಿ ಓದಿದವರಿಗೆ, ಪದ್ಯದಲ್ಲಿಲ್ಲದ ಪದವನ್ನು ಸಂದರ್ಭದಿಂದ ತಂದು ಕೂಡಿಸಿಕೊಳ್ಳುವ ಈ ಕೆಲಸ ಚಿರಪರಿಚಿತವಾದದ್ದೇ. ಇಂಗ್ಲಿಷ್ ಪಾಠದಲ್ಲಿ ಆ ಹೆಸರು ಕೇಳಿದ ಕೂಡಲೇ ತರಗತಿಯಲ್ಲಿ ಅರ್ಧ ಜನರ ಅಳುಕು ಇಳಿಯುವುದನ್ನು ನಾನು ನೋಡಿದೆ.

ಈ ತರಗತಿಯ ಹೆಚ್ಚುಗಾರಿಕೆ ಇರುವುದು ಕನ್ನಡ ಮತ್ತು ಇಂಗ್ಲಿಷ್ ಎರಡೂ ಪದಗಳನ್ನು ಬಿಡುತ್ತವೆ, ಆದರೆ ಬಿಡುವ ಜಾಗಗಳು ಬೇರೆ ಬೇರೆ ಎಂಬುದನ್ನು ಅದು ಗಟ್ಟಿಯಾಗಿ ಹಿಡಿದುಕೊಂಡಿರುವುದರಲ್ಲಿ. ಕನ್ನಡದಲ್ಲಿ ‘ಬಂದೆನು’ ಎಂದರೆ ಬಂದವನು ನಾನು ಎಂಬುದು ಕ್ರಿಯಾಪದದ ಕೊನೆಯಲ್ಲೇ ಇದೆ, ‘ಬಂದಳು’ ಎಂದರೆ ಅವಳು ಎಂಬುದೂ ಅಲ್ಲೇ ಇದೆ. ಹಾಗಾಗಿ ಕರ್ತೃವನ್ನು ನಾವು ಧಾರಾಳವಾಗಿ ಬಿಡುತ್ತೇವೆ. ಇಂಗ್ಲಿಷಿನ ‘ಕೇಮ್’ ಎಂಬ ಕ್ರಿಯಾಪದ ಯಾರ ಗುರುತನ್ನೂ ಹೊತ್ತಿಲ್ಲವಾದ್ದರಿಂದ ಅಲ್ಲಿ ಕರ್ತೃವನ್ನು ಸಾಮಾನ್ಯವಾಗಿ ಬಿಡುವಂತಿಲ್ಲ. ಅದರ ಬದಲು ಇಂಗ್ಲಿಷ್ ನಾವು ಎಂದೂ ಬಿಡದ ಕಡೆ ಬಿಡುತ್ತದೆ. ‘ದಿ ಬುಕ್ ಐ ಬಾಟ್’ ಎಂಬಲ್ಲಿ ಸಂಬಂಧಸೂಚಕ ಪದವನ್ನು ಬಿಟ್ಟಿದೆ, ‘ಐ ನೋ ಹಿ ಲೆಫ್ಟ್’ ಎಂಬಲ್ಲಿ ಎರಡು ವಾಕ್ಯಗಳನ್ನು ಕೂಡಿಸುವ ‘ದ್ಯಾಟ್’ ಇಲ್ಲ, ‘ಯೆಸ್, ಐ ಹ್ಯಾವ್’ ಎಂಬಲ್ಲಿ ಸಹಾಯಕ ಕ್ರಿಯಾಪದವನ್ನಷ್ಟೇ ಉಳಿಸಿಕೊಂಡು ಮುಖ್ಯ ಕ್ರಿಯಾಪದವನ್ನೇ ಕಳಚಿಹಾಕಿದೆ. ಮೊದಲ ಎರಡು ವಾರಾಂತ್ಯಗಳ ಪಾಠವೆಲ್ಲ ಈ ಜಾಗಗಳನ್ನು ಗುರುತಿಸುವುದಕ್ಕೇ ಹೋಗುತ್ತದೆ. ಅದು ನಿಧಾನವೆನಿಸಿದರೂ ಮುಂದಿನದೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ಆ ನಿಧಾನ ಸರಿಯಾದದ್ದೆಂದು ನನ್ನ ಅಭಿಪ್ರಾಯ.

ಒಂದು ಪಾಠವನ್ನು ಹತ್ತಿರದಿಂದ ತೋರಿಸುತ್ತೇನೆ. ಮೇಷ್ಟ್ರು ಕರಿಹಲಗೆಯ ಮೇಲೆ ‘ಐ ಟ್ರಸ್ಟ್ ಹರ್ ಮೋರ್ ದ್ಯಾನ್ ಯು’ ಎಂದು ಬರೆದು, ‘ದ್ಯಾನ್’ ಆದಮೇಲೆ ಒಂದು ಪದವಿದೆ, ಆದರೆ ಅಲ್ಲಿರುವುದು ಒಂದು ಪೂರ್ತಿ ವಾಕ್ಯ ಎಂದರು. ಮೇಲಿನ ಅಡ್ಡಗೆರೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ‘ಐ’ ಕರ್ತೃ, ‘ಟ್ರಸ್ಟ್’ ಕ್ರಿಯಾಪದ, ‘ಹರ್’ ಕರ್ಮ, ‘ಮೋರ್’ ಕ್ರಿಯಾಪದದ ಕೆಳಗಿನ ಓರೆಗೆರೆಯ ಮೇಲೆ. ಅಲ್ಲಿಂದ ಒಂದು ಚುಕ್ಕಿಗೆರೆ ಇಳಿಸಿ ಅದರ ಮೇಲೆ ‘ದ್ಯಾನ್’ ಎಂದು ಬರೆದು, ಕೆಳಗೆ ಎರಡನೆಯ ಅಡ್ಡಗೆರೆ ಎಳೆದು, ‘ಯು’ ಎಂಬುದನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದರು. ಕೆಲವರು ಅದನ್ನು ಕರ್ಮದ ಸ್ಥಾನದಲ್ಲಿ ಬರೆದರು, ಕೆಲವರು ಕರ್ತೃವಿನ ಸ್ಥಾನದಲ್ಲಿ. ಮೊದಲಿನಂತೆ ಬರೆದರೆ ಕರ್ತೃ ಮತ್ತು ಕ್ರಿಯಾಪದಗಳ ಜಾಗದಲ್ಲಿ ಅಧ್ಯಾಹಾರದ ಗುರುತು ಬೀಳುತ್ತದೆ, ವಾಕ್ಯಕ್ಕೆ ‘ನಿನ್ನನ್ನು ನಂಬುವುದಕ್ಕಿಂತ ಹೆಚ್ಚಾಗಿ ಅವಳನ್ನು ನಂಬುತ್ತೇನೆ’ ಎಂಬ ಅರ್ಥ ಬರುತ್ತದೆ. ಎರಡನೆಯದರಂತೆ ಬರೆದರೆ ಗುರುತು ಕ್ರಿಯಾಪದ ಮತ್ತು ಕರ್ಮಗಳ ಜಾಗಕ್ಕೆ ಸರಿಯುತ್ತದೆ, ಅರ್ಥ ‘ನೀನು ಅವಳನ್ನು ನಂಬುವುದಕ್ಕಿಂತ ಹೆಚ್ಚಾಗಿ ನಾನು ನಂಬುತ್ತೇನೆ’ ಎಂದಾಗುತ್ತದೆ. ಪುಟದ ಮೇಲಿನ ಪದಗಳು ಅವೇ ಆರು, ಚಿತ್ರಗಳು ಎರಡು. ‘ಯು’ ಬದಲಿಗೆ ‘ಹಿ’ ಅಥವಾ ‘ಹಿಮ್’ ಇದ್ದಿದ್ದರೆ ರೂಪವೇ ದಾರಿ ತೋರಿಸುತ್ತಿತ್ತು. ‘ಯು’ ಎರಡು ಕಡೆಗೂ ಒಂದೇ ರೂಪದ್ದಾದ್ದರಿಂದ ಬರೆಯುವವರೇ ಬಿಟ್ಟ ಪದವನ್ನು ವಾಪಸು ತಂದಿಡಬೇಕಾಗುತ್ತದೆ. ಇದನ್ನು ಬಾಯಲ್ಲಿ ಎಷ್ಟು ವಿವರಿಸಿದರೂ ಹತ್ತನೆಯ ತರಗತಿಯ ಮಕ್ಕಳ ತಲೆಗೆ ಹೋಗುವುದಿಲ್ಲವೆಂದು ನನಗೆ ಅನುಭವದಿಂದ ಗೊತ್ತು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ವಿವರಣೆಯೇ ಬೇಕಾಗುವುದಿಲ್ಲ.

ಉದಾಹರಣೆಗಳನ್ನು ಊರಿನೊಳಗಿಂದಲೇ ಆರಿಸುವುದು ಈ ತರಗತಿಯ ಇನ್ನೊಂದು ಒಳ್ಳೆಯ ಗುಣ. ಬೆಂಗಳೂರಿನ ಮನೆಗಳ ಗೇಟಿನ ಮೇಲೆ ‘ಇಫ್ ಪಾರ್ಕ್ಡ್ ಟೈರ್ಸ್ ವಿಲ್ ಬಿ ಡಿಫ್ಲೇಟೆಡ್’ ಎಂಬ ಬರಹವನ್ನು ನೋಡದವರಿಲ್ಲ. ಅದರ ಚಿತ್ರ ಬರೆಯಲು ಹೊರಟರೆ ಮೇಲಿನ ಗೆರೆಯಲ್ಲಿ ‘ಟೈರ್ಸ್’ ಕರ್ತೃವಾಗಿ ನಿಲ್ಲುತ್ತದೆ. ಚುಕ್ಕಿಗೆರೆಯ ಕೆಳಗೆ ‘ಪಾರ್ಕ್ಡ್’ ಇದೆ, ಅದರ ಕರ್ತೃವಿನ ಜಾಗ ಖಾಲಿ. ಇಂಗ್ಲಿಷಿನ ಕಟ್ಟಳೆ ಏನೆಂದರೆ, ಇಂಥ ಸಂಕ್ಷಿಪ್ತ ಉಪವಾಕ್ಯದಲ್ಲಿ ಕರ್ತೃವನ್ನು ಬಿಟ್ಟರೆ ಮುಖ್ಯವಾಕ್ಯದ ಕರ್ತೃವೇ ಅಲ್ಲಿಗೂ ಬರಬೇಕು. ಹಾಗೆ ತುಂಬಿದರೆ ಟೈರುಗಳನ್ನೇ ಯಾರೋ ತಂದು ನಿಲ್ಲಿಸಿದಂತಾಗುತ್ತದೆ. ಬರೆದವರ ಮನಸ್ಸಿನಲ್ಲಿದ್ದ ವಾಹನ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ‘ಇಲ್ಲಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಕನ್ನಡ ಫಲಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಲ್ಲಿಸುವವರು ಯಾರು, ಏನನ್ನು ನಿಲ್ಲಿಸುತ್ತಾರೆ, ಗಾಳಿ ತೆಗೆಯುವವರು ಯಾರು, ಯಾವುದರ ಗಾಳಿ, ಇವು ಯಾವುದನ್ನೂ ಹೇಳಿಲ್ಲ. ಆದರೂ ವಾಕ್ಯ ಶುದ್ಧವಾಗಿದೆ, ಏಕೆಂದರೆ ನಮ್ಮ ‘ನಿಲ್ಲಿಸಿದರೆ’ ಎಂಬ ರೂಪ ಮುಖ್ಯವಾಕ್ಯದ ಕರ್ತೃವಿಗೆ ಕಟ್ಟುಬಿದ್ದಿಲ್ಲ. ಗೇಟಿನ ಇಂಗ್ಲಿಷ್ ಬರಹದ ತೊಡಕು ಬಂದದ್ದು ಕನ್ನಡದ ಈ ಸ್ವಾತಂತ್ರ್ಯವನ್ನು ಇಂಗ್ಲಿಷಿಗೆ ಒಯ್ದದ್ದರಿಂದ.

ಇದೇ ತರ್ಕವನ್ನು ಮುಂದುವರಿಸಿ ಅವರು ‘ವೈಲ್ ವೇಟಿಂಗ್ ಫಾರ್ ದಿ ಬಸ್, ಇಟ್ ಸ್ಟಾರ್ಟೆಡ್ ರೇನಿಂಗ್’ ಎಂಬ ವಾಕ್ಯಕ್ಕೆ ಬರುತ್ತಾರೆ. ‘ಬಸ್ಸಿಗೆ ಕಾಯುತ್ತಿರುವಾಗ ಮಳೆ ಶುರುವಾಯಿತು’ ಎಂದು ನಾವು ದಿನವೂ ಹೇಳುತ್ತೇವೆ, ಅದರಲ್ಲಿ ತಪ್ಪೂ ಇಲ್ಲ. ಇಂಗ್ಲಿಷ್ ಚಿತ್ರದಲ್ಲಾದರೋ ‘ವೇಟಿಂಗ್’ ಎಂಬುದರ ಖಾಲಿ ಕರ್ತೃಸ್ಥಾನಕ್ಕೆ ‘ಇಟ್’ ಬಂದು ಕೂರುತ್ತದೆ, ಕಾಯುತ್ತಿದ್ದ ಮನುಷ್ಯನಿಗೆ ಜಾಗವೇ ಇರುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ತಪ್ಪು ಪದೇ ಪದೇ ಬರುತ್ತದೆ, ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮುಂದೆ ಹೋಗುತ್ತೇವೆ. ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ತೋರಿಸಿಕೊಟ್ಟದ್ದಕ್ಕಾಗಿ ಈ ಒಂದು ಪಾಠಕ್ಕೇ ಕೊಟ್ಟ ಶುಲ್ಕ ಸಂದಾಯವಾಯಿತು ಎಂದು ನಾನು ಭಾವಿಸುತ್ತೇನೆ.

ಕಚೇರಿಯ ಪತ್ರಗಳಲ್ಲಿ ಹೇರಳವಾಗಿ ಕಾಣುವ ‘ಸೂನರ್ ದಿ ಬೆಟರ್’ ಎಂಬುದನ್ನೂ ಅವರು ಬಿಡಿಸಿ ತೋರಿಸಿದರು. ಸರಿಯಾದ ರೂಪದಲ್ಲಿ ‘ದಿ’ ಎರಡು ಸಲ ಬರುತ್ತದೆ: ‘ದಿ ಸೂನರ್, ದಿ ಬೆಟರ್’. ಈ ‘ದಿ’ ನಾಮಪದದ ಮುಂದೆ ಬರುವ ಗುರುತಲ್ಲ. ಹಳೆಯ ಇಂಗ್ಲಿಷಿನ ದರ್ಶಕ ಸರ್ವನಾಮವೊಂದರ ಸವೆದುಹೋದ ರೂಪ, ಮಾಡುವ ಕೆಲಸ ಕ್ರಿಯಾವಿಶೇಷಣದ್ದು. ಮೊದಲನೆಯದು ‘ಎಷ್ಟು’ ಎನ್ನುತ್ತದೆ, ಎರಡನೆಯದು ‘ಅಷ್ಟು’ ಎನ್ನುತ್ತದೆ. ಚಿತ್ರದಲ್ಲಿ ಎರಡು ಅಡ್ಡಗೆರೆಗಳಿವೆ, ಎರಡರಲ್ಲೂ ಕರ್ತೃ ಮತ್ತು ಕ್ರಿಯಾಪದಗಳು ಅಧ್ಯಾಹಾರ. ಕಾಣುವುದು ‘ಸೂನರ್’ ಮತ್ತು ‘ಬೆಟರ್’ ಮಾತ್ರ, ಪ್ರತಿಯೊಂದರ ಕೆಳಗೂ ಒಂದು ‘ದಿ’ ಇಳಿಬಿದ್ದಿದೆ, ಆ ಎರಡು ‘ದಿ’ಗಳ ನಡುವೆ ಚುಕ್ಕಿಗೆರೆ. ಮೊದಲನೆಯದನ್ನು ತೆಗೆದರೆ ಚುಕ್ಕಿಗೆರೆಯ ಒಂದು ತುದಿಗೆ ಆಸರೆ ತಪ್ಪುತ್ತದೆ. ‘ಬೇಗ ಬಂದರೆ ಅಷ್ಟು ಒಳ್ಳೆಯದು’ ಎಂದಾಗ ಕನ್ನಡದ ಕಿವಿಗೆ ಏನೋ ಕಳಚಿದಂತೆ ಕೇಳಿಸುವುದಕ್ಕೂ ಇದೇ ಕಾರಣ.

ನುಡಿಗಟ್ಟುಗಳ ವಿಷಯಕ್ಕೆ ಬಂದರೆ ತರಗತಿಯ ಗುಣವೂ ಕೊರತೆಯೂ ಒಟ್ಟಿಗೇ ಕಾಣಿಸುತ್ತವೆ. ಒಂದು ನುಡಿಗಟ್ಟನ್ನು ಒಂದೇ ಪದವೆಂದು ಎಣಿಸಿ ಕ್ರಿಯಾಪದದ ಜಾಗದಲ್ಲಿ ಇಡಿಯಾಗಿ ಬರೆಯಬೇಕೋ, ಒಳಗಿನ ಪದಗಳನ್ನು ಬಿಡಿಸಿ ಬೇರೆ ಬೇರೆ ಗೆರೆಗಳಿಗೆ ಹಂಚಬೇಕೋ ಎಂಬುದೇ ಇಲ್ಲಿರುವ ಮುಖ್ಯ ಪ್ರಶ್ನೆ. ಇದಕ್ಕೆ ಮೇಷ್ಟ್ರು ಹೇಳಿಕೊಡುವ ಒರೆಗಲ್ಲು ಕರ್ಮಣಿ ಪ್ರಯೋಗ. ‘ಐ ಕೆನಾಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್’ (ಈ ಗದ್ದಲವನ್ನು ಸಹಿಸಲಾರೆ) ಎಂಬುದನ್ನು ‘ದಿಸ್ ನಾಯ್ಸ್ ಕೆನಾಟ್ ಬಿ ಪುಟ್ ಅಪ್ ವಿತ್’ ಎಂದು ತಿರುಗಿಸಬಹುದು. ಆದ್ದರಿಂದ ‘ಪುಟ್ ಅಪ್ ವಿತ್’ ಎಂಬ ಮೂರೂ ಪದಗಳು ಸೇರಿ ಒಂದು ಕ್ರಿಯಾಪದ, ‘ನಾಯ್ಸ್’ ಅದರ ನೇರ ಕರ್ಮ. ‘ಟುಕ್ ಅಡ್ವಾಂಟೇಜ್ ಆಫ್ ಹಿಮ್’ (ಅವನನ್ನು ದುರುಪಯೋಗ ಮಾಡಿಕೊಂಡರು) ಎಂಬುದು ಇನ್ನೂ ಸ್ವಾರಸ್ಯಕರ. ‘ಹಿ ವಾಸ್ ಟೇಕನ್ ಅಡ್ವಾಂಟೇಜ್ ಆಫ್’ ಎಂದೂ ಹೇಳಬಹುದು, ‘ಅಡ್ವಾಂಟೇಜ್ ವಾಸ್ ಟೇಕನ್ ಆಫ್ ಹಿಮ್’ ಎಂದೂ ಹೇಳಬಹುದು. ಒಂದು ಒಪ್ಪಿದರೆ ಮೂರು ಪದಗಳ ಗಂಟು ಉಳಿಯುತ್ತದೆ, ಇನ್ನೊಂದು ಒಪ್ಪಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಎರಡು ಚಿತ್ರಗಳೂ ಸರಿ ಎಂದು ಅವರು ಒಪ್ಪಿಕೊಂಡು ಎರಡನ್ನೂ ಹಲಗೆಯ ಮೇಲೆ ಬಿಟ್ಟದ್ದು ನನಗೆ ಬಹಳ ಮೆಚ್ಚಿಗೆಯಾಯಿತು.

ನುಡಿಗಟ್ಟು ಮತ್ತು ಅಧ್ಯಾಹಾರ ಒಂದೇ ವಾಕ್ಯದಲ್ಲಿ ಕೂಡಿಕೊಳ್ಳುವ ಕಡೆ ಈ ಕ್ರಮದ ನಿಜವಾದ ಬಲ ತಿಳಿಯುತ್ತದೆ. ‘ಕಮ್ ವಾಟ್ ಮೇ’ ಎಂಬುದನ್ನು ‘ಏನೇ ಆಗಲಿ’ ಎಂದು ಬಾಯಿಪಾಠ ಮಾಡಿದವರಿಗೆ ಅದರೊಳಗೆ ವ್ಯಾಕರಣವಿದೆ ಎಂಬ ಸುಳಿವೇ ಇರುವುದಿಲ್ಲ. ಚಿತ್ರ ಬರೆದರೆ ಎಲ್ಲವೂ ಹೊರಬರುತ್ತದೆ: ‘ಕಮ್’ ಮುಖ್ಯ ಕ್ರಿಯಾಪದ, ಅದು ಬಯಕೆಯನ್ನೋ ಸಮ್ಮತಿಯನ್ನೋ ಹೇಳುವ ಹಳೆಯ ರೂಪದಲ್ಲಿದೆ, ಅದರ ಕರ್ತೃ ‘ವಾಟ್ ಮೇ’ ಎಂಬ ಇಡೀ ಉಪವಾಕ್ಯ, ಆ ಉಪವಾಕ್ಯ ಕಾಲುಗಳ ಮೇಲೆ ಎತ್ತರದಲ್ಲಿ ನಿಂತಿದೆ, ಅದರೊಳಗೆ ‘ಮೇ’ ಆದಮೇಲೆ ಇನ್ನೊಂದು ‘ಕಮ್’ ಅಧ್ಯಾಹಾರವಾಗಿದೆ. ‘ಬಿ ದ್ಯಾಟ್ ಆ್ಯಸ್ ಇಟ್ ಮೇ’ (ಅದು ಹೇಗೇ ಇರಲಿ) ಎಂಬುದರಲ್ಲೂ ಇದೇ ಹಂದರವಿದೆ. ‘ದ್ಯಾಟ್’ ಕರ್ತೃ, ‘ಬಿ’ ಕ್ರಿಯಾಪದ, ಕೆಳಗೆ ‘ಇಟ್ ಮೇ’ ಎಂಬುದರ ಮುಂದೆ ಬಿಟ್ಟುಹೋದ ಇನ್ನೊಂದು ‘ಬಿ’. ‘ಇಫ್ ನೀಡ್ ಬಿ’ (ಅಗತ್ಯಬಿದ್ದರೆ) ಎಂಬಲ್ಲಿ ‘ನೀಡ್’ ಕ್ರಿಯಾಪದವಲ್ಲ, ಕರ್ತೃವಾಗಿ ನಿಂತ ನಾಮಪದ. ಈ ಮೂರನ್ನು ಒಂದರ ಕೆಳಗೊಂದು ಬರೆದಾಗ ಇವು ಮೂರು ಬಿಡಿ ನುಡಿಗಟ್ಟುಗಳಲ್ಲ, ಬಳಕೆ ತಪ್ಪಿದ ಒಂದೇ ಕ್ರಿಯಾರೂಪ ಮೂರು ಕಡೆ ಉಳಿದುಕೊಂಡದ್ದು ಎಂಬುದು ತಾನಾಗಿ ಗೋಚರಿಸುತ್ತದೆ. ತರಗತಿಯ ಅತ್ಯುತ್ತಮ ಪಾಠ ಯಾವುದೆಂದು ಕೇಳಿದರೆ ನಾನು ಇದನ್ನೇ ಹೆಸರಿಸುತ್ತೇನೆ.

ಆದರೆ ಈ ಎಚ್ಚರ ಎಲ್ಲ ನುಡಿಗಟ್ಟುಗಳಿಗೂ ಸಿಕ್ಕಿಲ್ಲ. ಅಭ್ಯಾಸದ ಹಾಳೆಗಳಲ್ಲಿ ‘ಕಿಕ್ ದಿ ಬಕೆಟ್’ (ಸಾಯುವುದು), ‘ಪುಲ್ ಸ್ಟ್ರಿಂಗ್ಸ್’ (ವಶೀಲಿ ಮಾಡುವುದು), ‘ಸ್ಪಿಲ್ ದಿ ಬೀನ್ಸ್’ (ಗುಟ್ಟು ಬಿಟ್ಟುಕೊಡುವುದು) ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ, ಎಲ್ಲವನ್ನೂ ಕ್ರಿಯಾಪದದ ಜಾಗದಲ್ಲಿ ಗಂಟಾಗಿ ಬರೆಯಿರಿ ಎಂದಿದ್ದಾರೆ. ಇದನ್ನು ನಾನು ಒಪ್ಪಲಾರೆ. ‘ಕಿಕ್ ದಿ ಬಕೆಟ್’ ಎಂಬುದನ್ನು ಕರ್ಮಣಿಗೆ ತಿರುಗಿಸಿದರೆ ಸಾಯುವ ಅರ್ಥ ಹೋಗಿ ಒದೆಸಿಕೊಂಡ ಬಕೆಟ್ಟು ಮಾತ್ರ ಉಳಿಯುತ್ತದೆ. ಅದು ನಿಜಕ್ಕೂ ಗಂಟು. ಆದರೆ ‘ಪುಲ್ ಸ್ಟ್ರಿಂಗ್ಸ್’ ಹಾಗಲ್ಲ. ‘ಹಿ ಪುಲ್ಡ್ ಎ ಫ್ಯೂ ಸ್ಟ್ರಿಂಗ್ಸ್’ ಎಂದು ನಡುವೆ ವಿಶೇಷಣ ತರಬಹುದು, ‘ದಿ ಸ್ಟ್ರಿಂಗ್ಸ್ ಹಿ ಪುಲ್ಡ್’ ಎಂದು ಕರ್ಮವನ್ನು ಮುಂದಕ್ಕೆ ಎಳೆಯಬಹುದು, ‘ಸ್ಟ್ರಿಂಗ್ಸ್ ವರ್ ಪುಲ್ಡ್’ ಎಂದು ಕರ್ಮಣಿಯಲ್ಲೂ ಹೇಳಬಹುದು. ಇಷ್ಟೆಲ್ಲ ಮಾಡಿದರೂ ವಶೀಲಿಯ ಅರ್ಥ ಕೆಡುವುದಿಲ್ಲ. ಅಂದರೆ ಇಲ್ಲಿ ‘ಸ್ಟ್ರಿಂಗ್ಸ್’ ಎಂಬುದಕ್ಕೆ ತನ್ನದೇ ಆದ ಅರ್ಥದ ಪಾಲಿದೆ, ಚಿತ್ರದಲ್ಲಿ ಅದಕ್ಕೆ ತನ್ನದೇ ಕರ್ಮಸ್ಥಾನ ಸಲ್ಲಬೇಕು. ಜೆಫ್ರಿ ನನ್‌ಬರ್ಗ್, ಐವನ್ ಸಾಗ್ ಮತ್ತು ಥಾಮಸ್ ವಾಸೋ ಎಂಬ ಮೂವರು ಭಾಷಾವಿಜ್ಞಾನಿಗಳು 1994ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ನುಡಿಗಟ್ಟುಗಳಲ್ಲಿ ಈ ಎರಡು ಜಾತಿಗಳಿವೆ ಎಂಬುದನ್ನು ವಿಸ್ತಾರವಾಗಿ ವಾದಿಸಿದ್ದಾರೆ. ಬಿಡಿಸಲು ಬರುವ ನುಡಿಗಟ್ಟು ಮತ್ತು ಬಿಡಿಸಲು ಬಾರದ ನುಡಿಗಟ್ಟು ಎಂದು ಎರಡು ಹಾಳೆಗಳನ್ನು ಮಾಡಿದರೆ ಈ ಕೊರತೆ ಸುಲಭವಾಗಿ ನೀಗುತ್ತದೆ. ಮೇಷ್ಟ್ರ ಕೈಯಲ್ಲಿ ಕರ್ಮಣಿ ಪ್ರಯೋಗದ ಒರೆಗಲ್ಲು ಇದ್ದೇ ಇದೆಯಲ್ಲ. ಅದನ್ನು ಇಲ್ಲಿಗೂ ತರಬೇಕಷ್ಟೆ.

ಇನ್ನೊಂದು ತಕರಾರು ಉತ್ತರಗಳ ಹಾಳೆಯ ಬಗ್ಗೆ. ‘ವಾಟ್ ಇಫ್ ಇಟ್ ರೇನ್ಸ್?’ ಎಂಬ ಪ್ರಶ್ನೆಯಲ್ಲಿ ಮುಖ್ಯವಾಕ್ಯ ಬಹುಪಾಲು ಅಧ್ಯಾಹಾರ. ‘ವಾಟ್ ವಿಲ್ ಹ್ಯಾಪನ್’ ಎಂದು ತುಂಬಿದರೆ ‘ವಾಟ್’ ಕರ್ತೃವಾಗುತ್ತದೆ. ‘ವಾಟ್ ಶಲ್ ವಿ ಡು’ ಎಂದು ತುಂಬಿದರೆ ಅದೇ ಪದ ಕರ್ಮವಾಗುತ್ತದೆ. ಎರಡೂ ಸಹಜವಾದ ಓದುಗಳೇ. ಹಾಳೆಯಲ್ಲಿ ಮೊದಲನೆಯದನ್ನು ಮಾತ್ರ ಸರಿಯೆಂದು ಕೊಟ್ಟು, ಎರಡನೆಯದನ್ನು ಬರೆದವರಿಗೆ ಅಂಕ ಕಡಿಮೆ ಮಾಡಲಾಯಿತು. ಬಿಟ್ಟ ಪದ ಯಾವುದೆಂಬುದು ಕೆಲವು ವಾಕ್ಯಗಳಲ್ಲಿ ನಿಶ್ಚಿತ, ಕೆಲವು ವಾಕ್ಯಗಳಲ್ಲಿ ಓದುಗರ ಊಹೆ. ‘ಯೆಸ್, ಐ ಹ್ಯಾವ್’ ಮೊದಲ ಬಗೆಗೆ ಸೇರಿದ್ದು, ಇದು ಎರಡನೆಯ ಬಗೆಗೆ. ಈ ವ್ಯತ್ಯಾಸವನ್ನು ಚಿತ್ರದಲ್ಲೇ ತೋರಿಸಲು ಬೇರೊಂದು ಗುರುತು ಬೇಕು. ಅದನ್ನು ಹೇಳದಿದ್ದರೆ ವಿದ್ಯಾರ್ಥಿಗಳು ತಾವು ಊಹಿಸಿದ್ದನ್ನೂ ವಾಕ್ಯದಲ್ಲಿ ಇರುವುದನ್ನೂ ಒಂದೇ ಎಂದು ತಿಳಿಯುವ ಅಪಾಯವಿದೆ, ಕಾನೂನು ಪತ್ರಗಳನ್ನು ಅನುವಾದ ಮಾಡುವ ಇಬ್ಬರು ನಮ್ಮ ತರಗತಿಯಲ್ಲಿದ್ದುದರಿಂದ ಈ ಮಾತಿಗೆ ತೂಕ ಹೆಚ್ಚು.

ವಾಕ್ಯಚಿತ್ರದ ಕ್ರಮದಲ್ಲಿಯೇ ಒಂದು ಮಿತಿ ಇದೆ, ಅದಕ್ಕೆ ಮೇಷ್ಟ್ರನ್ನು ಹೊಣೆ ಮಾಡಲಾಗದು. ಪದಗಳ ಸರಣಿ ಚಿತ್ರದಲ್ಲಿ ಉಳಿಯುವುದಿಲ್ಲ. ‘ನೆವರ್ ಹ್ಯಾವ್ ಐ ಸೀನ್’ ಮತ್ತು ‘ಐ ಹ್ಯಾವ್ ನೆವರ್ ಸೀನ್’ ಎಂಬ ಎರಡಕ್ಕೂ ಚಿತ್ರ ಒಂದೇ, ಮಾತಿನ ಒತ್ತು ಬೇರೆ ಬೇರೆ. ಕನ್ನಡದವರು ಇಂಗ್ಲಿಷಿನಲ್ಲಿ ಎಡವುವುದು ಸರಣಿಯಲ್ಲೂ ಹೌದಾದ್ದರಿಂದ, ಚಿತ್ರ ಬರೆದಮೇಲೆ ಅದನ್ನು ನೋಡಿಕೊಂಡು ಮತ್ತೆ ವಾಕ್ಯ ಕಟ್ಟುವ ಅಭ್ಯಾಸವೂ ಇರಬೇಕಿತ್ತು. ಈಗಿರುವುದು ಬಿಚ್ಚುವ ಅಭ್ಯಾಸ ಮಾತ್ರ.

ವ್ಯಾಕರಣದ ಅಭ್ಯಾಸದಿಂದ ಬರವಣಿಗೆ ಸುಧಾರಿಸುತ್ತದೆಯೇ ಎಂಬ ಚರ್ಚೆ ಅಮೆರಿಕದಲ್ಲಿ ಬಹಳ ಹಿಂದೆಯೇ ನಡೆದಿದೆ. ಅಲ್ಲಿಯ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿ 1963ರಲ್ಲಿ ಪ್ರಕಟಿಸಿದ ವರದಿ ಶಾಸ್ತ್ರೀಯ ವ್ಯಾಕರಣದ ಪಾಠದಿಂದ ಬರವಣಿಗೆಗೆ ಆಗುವ ಲಾಭ ಗಣನೆಗೆ ಬಾರದಷ್ಟು ಎಂದಿತು. 1985ರಲ್ಲಿ ಅದೇ ಮಂಡಳಿ ಓದು ಬರಹದ ಸಂದರ್ಭವಿಲ್ಲದ ಬಿಡಿ ವ್ಯಾಕರಣಾಭ್ಯಾಸದ ವಿರುದ್ಧ ನಿರ್ಣಯ ಮಾಡಿತು. ಮೇಷ್ಟ್ರು ಇದನ್ನು ಮೊದಲ ದಿನವೇ ತಾವಾಗಿ ಹೇಳಿದರು. ತಮ್ಮ ತರಗತಿ ಚೆಂದವಾಗಿ ಬರೆಯುವುದನ್ನು ಕಲಿಸುವುದಿಲ್ಲ, ಬರೆದದ್ದನ್ನು ಸರಿಯಾಗಿ ಓದುವುದನ್ನು ಕಲಿಸುತ್ತದೆ ಎಂಬ ಅವರ ಮಾತು ಪ್ರಾಮಾಣಿಕವಾದದ್ದು. ಆ ಚರ್ಚೆ ಬಹುಮಟ್ಟಿಗೆ ಇಂಗ್ಲಿಷ್ ಮಾತಾಡುತ್ತಲೇ ಬೆಳೆದ ಮಕ್ಕಳನ್ನು ಕುರಿತದ್ದು ಎಂಬುದನ್ನೂ ಇಲ್ಲಿ ಸೇರಿಸಬೇಕು. ಆ ಮಕ್ಕಳಿಗೆ ಬಿಟ್ಟುಹೋದ ಪದ ಕಿವಿಯಲ್ಲೇ ಇರುತ್ತದೆ. ನಮ್ಮ ಮಕ್ಕಳಿಗೆ ಅದನ್ನು ಯಾರಾದರೂ ತೋರಿಸಬೇಕು. ಅದಕ್ಕಾಗಿ ಈ ಹಳೆಯ ಕ್ರಮವನ್ನು ನಮ್ಮ ಪ್ರೌಢಶಾಲೆಗಳಲ್ಲಿ ವಾರಕ್ಕೆ ಒಂದು ಅವಧಿಯಷ್ಟಾದರೂ ಬಳಸುವುದು ಒಳ್ಳೆಯದೆಂದು ನಾನು ಮನಃಪೂರ್ವಕವಾಗಿ ನಂಬಿದ್ದೇನೆ.

ಇನ್ನು ಅನುಕೂಲದ ಮಾತು. ಎರಡು ತಿಂಗಳ ಹಂತಕ್ಕೆ 3,000 ರೂಪಾಯಿ ಶುಲ್ಕ, ಅಭ್ಯಾಸದ ಹಾಳೆಗಳು ಅದರಲ್ಲೇ ಸೇರಿವೆ. ಕೋಣೆ ಚಿಕ್ಕದು, ಬೆಳಕು ಚೆನ್ನಾಗಿದೆ. ಹಿಂದಿನ ಸಾಲಿನವರಿಗೆ ಓರೆಗೆರೆಯ ಮೇಲಿನ ಅಕ್ಷರ ಕಾಣುವುದು ಕಷ್ಟವಾದ್ದರಿಂದ ಸ್ವಲ್ಪ ಮುಂಚೆ ಹೋಗುವುದು ಮೇಲು. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಹಬ್ಬದ ಹಿಂದಿನ ದಿನಗಳಲ್ಲಿ ಹೂವು ಹಣ್ಣಿನ ವ್ಯಾಪಾರದಿಂದ ರಸ್ತೆ ತುಂಬಿರುವುದರಿಂದ ಸ್ವಂತ ವಾಹನ ತರದಿರುವುದು ಒಳಿತು. ಪಾಠ ಕನ್ನಡದಲ್ಲಿ ನಡೆಯುತ್ತದೆ, ಕನ್ನಡ ಬಾರದವರಿಗೆ ಇಲ್ಲಿ ಪ್ರಯೋಜನವಿಲ್ಲ. ಬ್ಯಾಂಕ್ ಪರೀಕ್ಷೆಗೆ ಹದಿನೈದು ದಿನ ಉಳಿದಿರುವವರಿಗೂ ಈ ತರಗತಿ ಹೊಂದುವುದಿಲ್ಲ. ಶಿಕ್ಷಕರು, ಅನುವಾದಕರು, ಇಂಗ್ಲಿಷ್ ದಾಖಲೆಗಳನ್ನು ಓದಿ ಬೇರೆಯವರಿಗೆ ಅರ್ಥ ಹೇಳಬೇಕಾದ ಕೆಲಸದಲ್ಲಿರುವವರು ತಪ್ಪದೆ ಸೇರಬೇಕು. ಸರಳ ವಾಕ್ಯಗಳ ಚಿತ್ರ ಬರೆಯಲು ಬರುವವರು ಮೊದಲ ಹಂತವನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಬರಲು ಕೇಳಿಕೊಳ್ಳಬಹುದು. ಮೇಷ್ಟ್ರು ಒಂದು ವಾಕ್ಯ ಕೊಟ್ಟು ಬರೆಸಿ ನೋಡಿ ಸೇರಿಸಿಕೊಳ್ಳುತ್ತಾರೆ. ಗೆರೆಯಿಲ್ಲದ ದೊಡ್ಡ ನೋಟ್‌ಬುಕ್, ಅಡಿಪಟ್ಟಿ ಮತ್ತು ಪೆನ್ಸಿಲ್ ಜೊತೆಗಿರಲಿ. ಪೆನ್ನಿನಲ್ಲಿ ಬರೆಯಲು ಅವರು ಬಿಡುವುದಿಲ್ಲ.